ತಿದ್ದುವ ಕೈ ಯಾರದು? ಶಾಲಾ ಬರವಣಿಗೆಯಲ್ಲಿ ಪರಿಷ್ಕರಣೆಯ ಶಿಕ್ಷಣ

ಕನ್ನಡದಲ್ಲಿ ‘ತಿದ್ದು’ ಎಂಬ ಕ್ರಿಯಾಪದಕ್ಕೆ ಎರಡು ಬಳಕೆಗಳಿವೆ. ಅಕ್ಷರಾಭ್ಯಾಸದ ಕಾಲದಲ್ಲಿ ಹಿರಿಯರು ಮರಳಿನಲ್ಲೋ ಸ್ಲೇಟಿನಲ್ಲೋ ಬರೆದುಕೊಟ್ಟ ಅಕ್ಷರದ ಮೇಲೆ ಮಗು ಮತ್ತೆ ಮತ್ತೆ ಬೆರಳನ್ನೋ ಬಳಪವನ್ನೋ ಆಡಿಸುವುದು ಒಂದು; ತಪ್ಪನ್ನು ಸರಿಪಡಿಸುವುದು ಇನ್ನೊಂದು. ಮೊದಲನೆಯದರಲ್ಲಿ ತಿದ್ದುವ ಕೈ ಮಗುವಿನದು. ಪ್ರಬಂಧ, ಪತ್ರಗಳನ್ನು ಬರೆಯುವ ತರಗತಿಗೆ ಬರುವ ವೇಳೆಗೆ ಆ ಕೆಲಸ ಶಿಕ್ಷಕರ ಕೆಂಪು ಶಾಯಿಗೆ ಸೇರಿಹೋಗಿರುತ್ತದೆ. ಮಗು ಬರೆಯುತ್ತದೆ, ಶಿಕ್ಷಕರು ತಿದ್ದುತ್ತಾರೆ, ಮಗು ಅದನ್ನು ಪ್ರತಿ ಮಾಡುತ್ತದೆ. ಇದರಿಂದ ಪ್ರತಿ ಶುದ್ಧವಾಗಬಹುದು. ಬರೆದುದನ್ನು ತಾನೇ ಪರಿಶೀಲಿಸುವ ಶಕ್ತಿ ಬೆಳೆಯುವುದಿಲ್ಲ.

ಎಳೆಯ ಬರಹಗಾರರು ನೆನಪಿಗೆ ಬಂದುದನ್ನು ಬಂದ ಕ್ರಮದಲ್ಲಿಯೇ ಬರೆದು ಮುಗಿಸುತ್ತಾರೆಂಬುದನ್ನು ಬೆರೈಟರ್ ಮತ್ತು ಸ್ಕಾರ್ಡಮೇಲಿಯಾ 1987ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಓದುವವನಿಗೆ ಏನು ತಿಳಿಯದು ಎಂಬ ಪ್ರಶ್ನೆ ಮಗುವಿಗೆ ತಾನಾಗಿ ಹೊಳೆಯುವುದು ವಿರಳ. ಆ ಪ್ರಶ್ನೆಯನ್ನು ಕೇಳುವುದೇ ಶಿಕ್ಷಕರ ಮೊದಲ ಕರ್ತವ್ಯ. ಡೊನಾಲ್ಡ್ ಗ್ರೇವ್ಸ್ 1983ರಲ್ಲಿ ಪ್ರಕಟಿಸಿದ ಕೃತಿಯು ಮಗುವಿನೊಡನೆ ಅದರ ಬರಹವನ್ನು ಕುರಿತು ನಡೆಸುವ ಕಿರುಸಂವಾದಕ್ಕೆ ಮಹತ್ವ ನೀಡಿದ್ದು ಈ ಕಾರಣದಿಂದಲೇ.

ಉದಾಹರಣೆಗೆ, ಜಾತ್ರೆಯನ್ನು ಕುರಿತು ಮಗುವೊಂದು ‘ತೇರು ನೋಡಿದೆವು. ಬಹಳ ಚೆನ್ನಾಗಿತ್ತು’ ಎಂದು ಬರೆದಿದೆಯೆನ್ನೋಣ. ಇಲ್ಲಿ ಕಾಗುಣಿತದ ತಪ್ಪಿಲ್ಲ. ಕೆಂಪು ಶಾಯಿಗೆ ಕೆಲಸವೂ ಇಲ್ಲ. ‘ಏನು ಚೆನ್ನಾಗಿತ್ತು?’ ಎಂದು ಕೇಳಿದಾಗ ತೇರಿನ ಗಾಲಿ ಅಪ್ಪನಿಗಿಂತ ಎತ್ತರವಾಗಿತ್ತು, ಎಸೆದ ಬಾಳೆಹಣ್ಣು ಕಳಸಕ್ಕೆ ತಗುಲಲಿಲ್ಲ ಎಂದು ಮಗು ಹೇಳೀತು. ‘ಅದನ್ನೇ ಬರೆ’ ಎಂದರೆ ಸಾಕು; ಪರಿಷ್ಕರಣೆ ಆರಂಭವಾಗುತ್ತದೆ. ಆ ವಾಕ್ಯವನ್ನು ಶಿಕ್ಷಕರೇ ಬರೆದುಕೊಟ್ಟರೆ ಮಗುವಿಗೆ ದಕ್ಕುವುದು ಶಿಕ್ಷಕರ ವಾಕ್ಯವೇ ಹೊರತು ತನ್ನದಲ್ಲ.

ಕಾಗುಣಿತ, ಲೇಖನಚಿಹ್ನೆಗಳ ಪರಿಶೀಲನೆ ಕೊನೆಯ ಹಂತಕ್ಕೆ ಸೇರಿದ್ದು. ಮುಂದೆ ಹೊಡೆದುಹಾಕಬೇಕಾದ ವಾಕ್ಯದ ಕಾಗುಣಿತವನ್ನು ಮೊದಲೇ ಸರಿಪಡಿಸುವುದು ವ್ಯರ್ಥಶ್ರಮ. ದಕ್ಷಿಣ ಕರ್ನಾಟಕದ ಹಲವೆಡೆ ಮನೆಮಾತಿನಲ್ಲಿ ಹಕಾರ ಲೋಪವಾಗುವುದರಿಂದ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆಯಬಹುದು. ಇದು ಅಜಾಗರೂಕತೆಯಲ್ಲ, ಕಿವಿಗೆ ಕೇಳಿದುದರ ನಿಷ್ಠೆಯ ದಾಖಲೆ. ಇಂತಹ ಪದಗಳನ್ನು ಒಂದೆಡೆ ಪಟ್ಟಿಮಾಡಿಸಿ, ಮುಂದಿನ ಬರಹದಲ್ಲಿ ಮಗುವೇ ಅವನ್ನು ಹುಡುಕುವಂತೆ ಮಾಡುವುದು ಪುಟದ ತುಂಬ ಕೆಂಪು ಗೆರೆ ಎಳೆಯುವುದಕ್ಕಿಂತ ಫಲಕಾರಿ. ಮನೆಮಾತಿಗಾಗಿ ನಾಚಿದ ಮಗು ಗೊತ್ತಿರುವ ನಾಲ್ಕು ಸುರಕ್ಷಿತ ವಾಕ್ಯಗಳಾಚೆ ಹೋಗುವುದೇ ಇಲ್ಲ.

ಇದಕ್ಕೆ ಬೇಕಾದ ಸಾಧನಗಳು ಅಲ್ಪ. ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬರೆದರೆ ಸೇರ್ಪಡೆಗೆ ಸ್ಥಳ ಸಿಗುತ್ತದೆ. ಸ್ಲೇಟಿನಲ್ಲಿ ಒರೆಸಿದ್ದು ಕುರುಹಿಲ್ಲದೆ ಅಳಿಯುತ್ತದೆ. ಪುಸ್ತಕದಲ್ಲಿ ಒಂದೇ ಗೆರೆ ಎಳೆದು ಹೊಡೆದರೆ ಮೊದಲ ಯೋಚನೆಯೂ ನಂತರದ ಯೋಚನೆಯೂ ಅಕ್ಕಪಕ್ಕದಲ್ಲಿ ಉಳಿಯುತ್ತವೆ. ಬರೆದುದನ್ನು ಒಂದು ದಿನ ಬಿಟ್ಟು ಗಟ್ಟಿಯಾಗಿ ಓದಿದರೆ ಕಣ್ಣಿಗೆ ತಪ್ಪಿದ್ದನ್ನು ಕಿವಿ ಹಿಡಿಯುತ್ತದೆ. ಒಂದು ಸಲಕ್ಕೆ ಒಂದೆರಡು ಅಂಶಗಳನ್ನಷ್ಟೇ ಎತ್ತಿಕೊಳ್ಳಬೇಕು. ಮಕ್ಕಳ ಸಂಖ್ಯೆ ಹೆಚ್ಚಿರುವ ತರಗತಿಯಲ್ಲಿ ಇಬ್ಬಿಬ್ಬರು ಪರಸ್ಪರ ಓದಿ ಒಂದೊಂದು ಪ್ರಶ್ನೆ ಕೇಳುವ ಕ್ರಮ ಅನುಕೂಲಕರ.

ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥವಾದ 9ನೆಯ ಶತಮಾನದ ‘ಕವಿರಾಜಮಾರ್ಗ’ವು ದೋಷವಿವೇಚನೆಗೆ ಪ್ರಮುಖ ಸ್ಥಾನ ನೀಡಿದೆ. ಬರೆಯುವವನಿಗೇ ಆ ವಿವೇಚನೆ ಇರಬೇಕೆಂಬ ನಿರೀಕ್ಷೆ ಹೀಗೆ ನಮ್ಮಲ್ಲಿ ಹಳೆಯದು. ಅದು ಶಾಲೆಯ ಮಗುವಿಗೂ ದೊರೆಯಬೇಕಾದರೆ, ಅಕ್ಷರ ತಿದ್ದಿದ ಕೈಗೇ ವಾಕ್ಯವನ್ನು ತಿದ್ದುವ ಅಧಿಕಾರವನ್ನೂ ಹಿಂದಿರುಗಿಸಬೇಕಾಗುತ್ತದೆ.