ಟಿವಿ ಪತ್ರಿಕೋದ್ಯಮಕ್ಕೆ ಹೊರಟ ಹೆಣ್ಣುಮಕ್ಕಳು: ವಿದ್ಯಾರ್ಥಿವೇತನದಷ್ಟೇ ಮಾರ್ಗದರ್ಶನವೂ ಅಗತ್ಯ

ಆಂಟಾಪ್ ಹಿಲ್‌ನ ಕೇಂದ್ರ ಸರಕಾರಿ ನೌಕರರ ವಸಾಹತು ಹಾಗೂ ಆಸುಪಾಸಿನ ವಡಾಲ, ಸಯನ್, ಮಾಟುಂಗಾ ಪರಿಸರದ ಕನ್ನಡ ಕುಟುಂಬಗಳು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಹಿಂದೇಟು ಹಾಕಿದವುಗಳಲ್ಲ. ಮಗಳು ಇಂಜಿನಿಯರ್ ಆಗುವೆನೆಂದರೆ ಮನೆಮಂದಿಯೆಲ್ಲ ಸಂತೋಷಪಡುತ್ತಾರೆ. ಆದರೆ ‘ಸುದ್ದಿವಾಹಿನಿಯ ವರದಿಗಾರ್ತಿಯಾಗುವೆ’ ಎಂದರೆ ಮಾತ್ರ ಮನೆಯಲ್ಲಿ ಮೌನ ಆವರಿಸುತ್ತದೆ. ರಾತ್ರಿ ಪಾಳಿ, ಅಲ್ಪ ಸಂಬಳ, ಮದುವೆಯ ಬಳಿಕ ಹೇಗೆ ಎಂಬ ಚಿಂತೆಗಳು ಒಂದೊಂದಾಗಿ ತಲೆಯೆತ್ತುತ್ತವೆ.

ಈ ಮೌನದಲ್ಲಿ ನಮ್ಮ ಪಾಲೂ ಇದೆ. ಹಲವು ವರ್ಷಗಳ ಹಿಂದೆ ಪರಿಚಿತರೊಬ್ಬರು ಮಗಳೊಂದಿಗೆ ನಮ್ಮ ಶಾಖೆಗೆ ಬಂದು, ಆಕೆಯ ಪತ್ರಿಕೋದ್ಯಮದ ಓದಿಗೆ ಸಾಲ ದೊರೆಯುವುದೇ ಎಂದು ಕೇಳಿದ್ದರು. ಅರ್ಜಿ ನಮೂನೆ ಕೊಡುವ ಬದಲು ನಾವು ‘ಬಿ.ಎಡ್. ಮಾಡಿಸಿ, ಸುರಕ್ಷಿತ’ ಎಂದು ಬುದ್ಧಿವಾದ ಹೇಳಿ ಕಳುಹಿಸಿದೆವು. ಆ ಹುಡುಗಿ ಏನೂ ಮಾತಾಡದೆ ಎದ್ದು ಹೋದದ್ದು ಇಂದಿಗೂ ನೆನಪಿದೆ. ಅಂದು ಹೇಳಬೇಕಾಗಿದ್ದುದನ್ನು ಇಂದು ಇಲ್ಲಿ ಹೇಳುತ್ತಿದ್ದೇವೆ.

ಹಾದಿ ಹೊಸದಲ್ಲ

ಮುಂಬಯಿ ದೂರದರ್ಶನ ಆರಂಭವಾದದ್ದು 1972ರ ಅಕ್ಟೋಬರ್ 2ರಂದು. ಚಿತ್ರರಂಗಕ್ಕೆ ಹೋಗುವ ಮೊದಲು ಸ್ಮಿತಾ ಪಾಟೀಲ್ ಅಲ್ಲಿ ವಾರ್ತಾವಾಚಕಿಯಾಗಿದ್ದರು. ಕನ್ನಡತಿ ಗೌರಿ ಲಂಕೇಶ್ ದೆಹಲಿಯ ಭಾರತೀಯ ಜನಸಂವಹನ ಸಂಸ್ಥೆಯಲ್ಲಿ ತರಬೇತಿ ಪಡೆದವರು. 2000ದಲ್ಲಿ ತಂದೆ ಪಿ. ಲಂಕೇಶರು ತೀರಿಕೊಂಡಾಗ ಅವರು ದೆಹಲಿಯಲ್ಲಿ ಈನಾಡು ಸಮೂಹದ ಟಿವಿ ವಾಹಿನಿಯಲ್ಲಿ ದುಡಿಯುತ್ತಿದ್ದರು.

ಓದಲು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ನಗರದ ಸೋಫಿಯಾ ಪಾಲಿಟೆಕ್ನಿಕ್‌ನಲ್ಲಿ ಸಾಮಾಜಿಕ ಸಂವಹನ ಮಾಧ್ಯಮದ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ, ಅದು ಮಹಿಳೆಯರಿಗಾಗಿಯೇ ಇರುವುದು. ಕ್ಸೇವಿಯರ್ ಸಂವಹನ ಸಂಸ್ಥೆ 1969ರಿಂದ ನಡೆಯುತ್ತಿದೆ. 1994ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 2000ದಲ್ಲಿ ಚೆನ್ನೈಗೆ ಸ್ಥಳಾಂತರಗೊಂಡ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ, ದಲಿತ ಮತ್ತು ಆದಿವಾಸಿ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವನ್ನೂ ನೀಡುತ್ತ ಬಂದಿದೆ.

ಹಣದ ಲೆಕ್ಕ

ಶಿಕ್ಷಣ ಸಾಲ ಇಂಜಿನಿಯರಿಂಗಿಗೆ ಮಾತ್ರವೆಂಬುದು ತಪ್ಪು ಕಲ್ಪನೆ. ಬ್ಯಾಂಕುಗಳ ಮಾದರಿ ಯೋಜನೆಯಂತೆ 4 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಪೋಷಕರು ಸ್ವಂತ ಪಾಲಿನ ಹಣ ಹೂಡಬೇಕಾಗಿಲ್ಲ. 2015ರ ಸಾಲ ಖಾತರಿ ನಿಧಿಯ ಆಸರೆಯಿಂದ 7.5 ಲಕ್ಷದವರೆಗೆ ಆಸ್ತಿ ಅಡವು ಬೇಡ. ತಂದೆ ಅಥವಾ ತಾಯಿ ಸಹ ಸಾಲಗಾರರಾದರೆ ಸಾಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟುವ ಒತ್ತಡವಿರುವುದಿಲ್ಲ. ಹಲವು ಸರಕಾರಿ ಬ್ಯಾಂಕುಗಳು ವಿದ್ಯಾರ್ಥಿನಿಯರಿಗೆ ಬಡ್ಡಿಯಲ್ಲಿ ಶೇ. 0.5ರಷ್ಟು ರಿಯಾಯಿತಿ ಕೊಡುತ್ತವೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿರುವವರಿಗೆ ಈ ಸಾಲದ ಬಡ್ಡಿಯ ಮೇಲೆ ವಿನಾಯಿತಿಯೂ ಉಂಟು. ಆದರೆ ಸೇರುವ ಮುನ್ನ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು.

ನಮ್ಮ ಸಂಘ-ಸಂಸ್ಥೆಗಳು ವರ್ಷಂಪ್ರತಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ವಿತರಣೆ ನಡೆಸುತ್ತಿರುವುದು ಅಭಿನಂದನೀಯ. ಆದರೆ ಈ ನೆರವು ಸಾಮಾನ್ಯವಾಗಿ ಅಂಕಪಟ್ಟಿಯೊಂದಿಗೆ ಮುಗಿಯುತ್ತದೆ. ಟಿವಿ ಕ್ಷೇತ್ರದಲ್ಲಿ ನಿಜವಾದ ಕಷ್ಟಕಾಲವೆಂದರೆ ಡಿಪ್ಲೊಮಾ ಕೈಗೆ ಬಂದ ನಂತರದ ಇಂಟರ್ನ್‌ಶಿಪ್ ತಿಂಗಳುಗಳು. ಆಗ ಸಂಬಳ ಅತ್ಯಲ್ಪ, ಕೆಲವೊಮ್ಮೆ ಇಲ್ಲವೇ ಇಲ್ಲ. ಅನೇಕ ಹುಡುಗಿಯರು ಮನೆಯವರ ಮಾತಿಗೆ ಮಣಿದು ಕ್ಷೇತ್ರ ಬಿಡುವುದು ಇದೇ ಹಂತದಲ್ಲಿ.

ಹಿರಿಯರ ಕೈ

ಇಲ್ಲಿ ಹಣದಷ್ಟೇ ಮುಖ್ಯವಾದುದು ಮಾರ್ಗದರ್ಶನ. ನಾವು ಬ್ಯಾಂಕಿಗೆ ಸೇರಿದಾಗ ಹಿರಿಯ ಗುಮಾಸ್ತರು ಪಕ್ಕದಲ್ಲಿ ಕುಳಿತು ಲೆಡ್ಜರಿನ ತಪ್ಪುಗಳನ್ನು ತಿದ್ದಿದ್ದರಿಂದಲೇ ಕೆಲಸ ಕಲಿತೆವು. ವರದಿಗಾರ್ತಿಗೂ ಅಂಥವರು ಬೇಕು. ಮೂರು ನಿಮಿಷದ ವರದಿಯನ್ನು ಒಂದೂವರೆ ನಿಮಿಷಕ್ಕೆ ಇಳಿಸುವುದು, ಯಾರ ಮಾತನ್ನು ನಂಬಬೇಕು, ನೇಮಕಾತಿ ಪತ್ರದಲ್ಲಿ ಏನನ್ನು ಓದಬೇಕು ಎಂಬುದನ್ನು ಪಠ್ಯಪುಸ್ತಕ ಪೂರ್ತಿಯಾಗಿ ಕಲಿಸದು. 2002ರಲ್ಲಿ ರೂಪುಗೊಂಡ ಭಾರತದ ಮಾಧ್ಯಮ ಮಹಿಳೆಯರ ಜಾಲವು ಇಂತಹ ಒಡನಾಟ ಒದಗಿಸುತ್ತಿದೆ. 1990ರಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಮಹಿಳಾ ಮಾಧ್ಯಮ ಪ್ರತಿಷ್ಠಾನವು ಎಲಿಜಬೆತ್ ನ್ಯೂಫರ್ ಹೆಸರಿನಲ್ಲಿ ಕೊಡುವ ಫೆಲೋಶಿಪ್ಪನ್ನು 2012ರಲ್ಲಿ ಮುಂಬಯಿಯ ಪತ್ರಕರ್ತೆ ಪ್ರಿಯಾಂಕಾ ಬೋರ್‌ಪೂಜಾರಿ ಪಡೆದಿದ್ದರು.

ಪೋಷಕರ ಭಯ ಅಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಕಾನೂನು ಮಗಳ ಬೆನ್ನಿಗಿದೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯಿದೆ ತರಬೇತಿಯಲ್ಲಿರುವವರಿಗೂ ಅನ್ವಯಿಸುತ್ತದೆ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯಂತೆ ರಾತ್ರಿ 9.30ರ ನಂತರ ದುಡಿಸಿಕೊಳ್ಳಲು ಮಹಿಳೆಯ ಒಪ್ಪಿಗೆ ಬೇಕು, ಮನೆಬಾಗಿಲವರೆಗೆ ವಾಹನದ ವ್ಯವಸ್ಥೆಯೂ ಬೇಕು. ಇದನ್ನು ಕೇಳಿ ಪಡೆಯುವ ಧೈರ್ಯ ತುಂಬುವವರೂ ಮಾರ್ಗದರ್ಶಕರೇ.

ಆದುದರಿಂದ ನಮ್ಮ ಸಂಘಗಳು ವರ್ಷಕ್ಕೆ ಇಬ್ಬರೇ ಹುಡುಗಿಯರನ್ನು ಆರಿಸಲಿ. ಓದಿನ ಶುಲ್ಕದ ಜೊತೆ ಇಂಟರ್ನ್‌ಶಿಪ್ಪಿನ ಆರು ತಿಂಗಳ ಪ್ರಯಾಣ ಮತ್ತು ಊಟದ ಖರ್ಚನ್ನು ಭರಿಸಲಿ. ಮಾಧ್ಯಮದಲ್ಲಿ ಪಳಗಿದ ಹಿರಿಯರೊಬ್ಬರಿಗೆ ಅವರನ್ನು ಒಪ್ಪಿಸಲಿ. ಶಾಲು ಹೊದೆಸಿ ಸನ್ಮಾನಿಸುವ ದಿನ ತಾನಾಗಿಯೇ ಬರುವುದು. ಅದಕ್ಕೆ ಮುಂಚೆ ಯಾವ ಹುಡುಗಿಯೂ ಅರ್ಜಿ ನಮೂನೆ ಇಲ್ಲದೆ ಬರಿಗೈಯಲ್ಲಿ ಹಿಂತಿರುಗದಿರಲಿ ಎಂಬುದೇ ನಮ್ಮ ಕಳಕಳಿ.