ಯಾರೂ ಮೀಟದ ತಂಬೂರಿ: ಟೆಲಿವಿಷನ್ನಿನ ಸ್ಪೀಕರುಗಳಲ್ಲಿ ಬರುವ ಗುಂಯ್‌ಕಾರ

ಈಚಿನ ಟೆಲಿವಿಷನ್ನುಗಳ ಮೈ ತೆಳುವಾದಂತೆಲ್ಲ ಅವುಗಳ ಕಂಠವೂ ತೆಳುವಾಗುತ್ತ ಬಂದಿದೆ. ಗೋಡೆಗೆ ಪಟದಂತೆ ತೂಗಹಾಕುವ ಯಂತ್ರದಲ್ಲಿ ಒಳ್ಳೆಯ ಸ್ಪೀಕರಿಗೆ ಬೇಕಾದ ಹೊಟ್ಟೆಯಾದರೂ ಎಲ್ಲಿಯದು? ಆದುದರಿಂದ ಸಂಗೀತವನ್ನು ಮನಸ್ಸಿಟ್ಟು ಕೇಳುವವರೂ, ಕಿವಿ ಮಂದವಾದ ಹಿರಿಯರಿರುವ ಮನೆಯವರೂ ಆಂಪ್ಲಿಫೈಯರು ಸಹಿತವಾದ ಸ್ಪೀಕರುಗಳನ್ನು ಬೇರೆಯಾಗಿ ತಂದು ಜೋಡಿಸುವುದು ವಾಡಿಕೆಯಾಗಿದೆ. ಆದರೆ ಜೋಡಿಸಿದ ದಿನವೇ ಅನೇಕರಿಗೆ ನಿರಾಶೆ ಕಾದಿರುತ್ತದೆ. ಗಾಯಕರು ಬಾಯಿ ತೆರೆಯುವ ಮೊದಲೇ ಯಾರೂ ಮೀಟದ ತಂಬೂರಿಯೊಂದು ‘ಗುಂಯ್’ ಎಂದು ಶ್ರುತಿ ಹಿಡಿದು ಕುಳಿತಿರುತ್ತದೆ. ಅದು ಹಾಡಿನ ಶ್ರುತಿಗೆ ಸೇರುವುದೂ ಇಲ್ಲ, ತಾನಾಗಿ ನಿಲ್ಲುವುದೂ ಇಲ್ಲ.

ಸ್ಪೀಕರು ಕೆಟ್ಟದ್ದೆಂದು ಬಗೆದು ಅಂಗಡಿಗೆ ಹಿಂತಿರುಗಿಸುವವರೇ ಹೆಚ್ಚು. ದೋಷವು ಬಹುಮಟ್ಟಿಗೆ ಅದರದಾಗಿರುವುದಿಲ್ಲ. ಮೊದಲು ಸದ್ದಿನ ಜಾತಿಯನ್ನು ಕಿವಿಗೊಟ್ಟು ಕೇಳಬೇಕು. ಮಳೆ ದೂರದಲ್ಲಿ ಸುರಿದಂತೆ ‘ಸೊಯ್ಯ್’ ಎನ್ನುತ್ತಿದ್ದರೆ ಟೆಲಿವಿಷನ್ನಿನ ಧ್ವನಿಯನ್ನು ತೀರ ತಗ್ಗಿಸಿ ಸ್ಪೀಕರಿನದನ್ನು ಪೂರ್ತಿ ಏರಿಸಿದ್ದೀರೆಂದು ತಿಳಿಯಬಹುದು. ಟೆಲಿವಿಷನ್ನಿನದನ್ನು ಮುಕ್ಕಾಲು ಪಾಲಿಗೆ ಏರಿಸಿ ಸ್ಪೀಕರಿನದನ್ನು ತಗ್ಗಿಸಿದರೆ ಅದು ಅಡಗುತ್ತದೆ. ಫ್ಯಾನು ತಿರುಗುವಾಗ ಮಾತ್ರ ‘ಜರ್‍’ ಎಂದರೆ ಅದರ ರೆಗ್ಯುಲೇಟರನ್ನು ಸಂದೇಹಿಸಬೇಕು. ಆಗೊಮ್ಮೆ ಈಗೊಮ್ಮೆ ‘ಟಿಟ್ಟಿಟ್ಟಿ’ ಎಂದರೆ ಪಕ್ಕದಲ್ಲಿಟ್ಟ ಮೊಬೈಲನ್ನು ದೂರ ಸರಿಸಿದರಾಯಿತು.

ನಿಜವಾದ ತಲೆನೋವು ಎಡೆಬಿಡದ ಆ ‘ಗುಂಯ್’ ಎಂಬುದೇ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ೨೩೦ ವೋಲ್ಟಿನದು; ಅದು ಸೆಕೆಂಡಿಗೆ ೫೦ ಆವರ್ತಗಳಂತೆ ಹಿಂದುಮುಂದಾಗಿ ತುಯ್ಯುತ್ತಿರುತ್ತದೆ. ಆ ೫೦, ಅಥವಾ ಅದರ ಇಮ್ಮಡಿಯಾದ ೧೦೦, ಸ್ಪೀಕರಿನ ಬಾಯಲ್ಲಿ ಮಂದ್ರಸ್ವರವಾಗಿ ಕೇಳಿಸುತ್ತದೆ. ಅದು ಒಳಗೆ ನುಗ್ಗುವ ದಾರಿ ಹೇಗೆಂದರೆ, ಆಂಪ್ಲಿಫೈಯರಿನ ಮೂರು ಮೊಳೆಯ ಪ್ಲಗ್ಗು ಮನೆಯ ಅರ್ತಿಗೆ ಸೇರಿರುತ್ತದೆ. ಟೆಲಿವಿಷನ್ನಾದರೋ ಸೆಟ್‌ಟಾಪ್ ಪೆಟ್ಟಿಗೆಯ ಮೂಲಕ ಬೀದಿಯ ಕೇಬಲ್ಲಿಗೆ ಅಂಟಿಕೊಂಡಿರುತ್ತದೆ. ಆ ಕೇಬಲ್ಲಿನ ಲೋಹದ ಹೊದಿಕೆಯು ಎಲ್ಲೋ ಬೇರೊಂದು ಕಡೆ ನೆಲವನ್ನು ಮುಟ್ಟಿರುತ್ತದೆ. ಎರಡು ತೊಟ್ಟಿಗಳ ನೀರಿನ ಮಟ್ಟ ಒಂದೇ ಆಗಿರದಿದ್ದರೆ ನಡುವಣ ಕೊಳವೆಯಲ್ಲಿ ನೀರು ಹರಿಯುವುದಷ್ಟೆ? ಹಾಗೆಯೇ ಈ ಎರಡು ಅರ್ತುಗಳ ನಡುವಣ ಅಲ್ಪ ವೋಲ್ಟೇಜು ಸ್ಪೀಕರಿನ ತಂತಿಯ ಹೊದಿಕೆಯಲ್ಲಿ ಪ್ರವಾಹವನ್ನು ಹರಿಸುತ್ತದೆ. ಆಂಪ್ಲಿಫೈಯರಿಗೆ ಹಾಡು ಯಾವುದು, ಪ್ರವಾಹ ಯಾವುದು ಎಂಬ ವಿವೇಕವಿಲ್ಲ; ಎರಡನ್ನೂ ಒಂದೇ ಶ್ರದ್ಧೆಯಿಂದ ದೊಡ್ಡದು ಮಾಡುತ್ತದೆ. ಕಸುಬಿನವರು ಇದನ್ನು ಗ್ರೌಂಡ್ ಲೂಪ್ ಎನ್ನುತ್ತಾರೆ. ಅರ್ತಿನ ಕುಣಿಕೆಯೆಂದು ನಾವು ಕರೆಯಬಹುದು.

ಪರೀಕ್ಷೆಗೆ ಖರ್ಚೇನೂ ಇಲ್ಲ. ಗುಂಯ್‌ಕಾರ ಕೇಳುತ್ತಿರುವಾಗಲೇ ಸೆಟ್‌ಟಾಪ್ ಪೆಟ್ಟಿಗೆಯ ಹಿಂದಿನ ಕೇಬಲ್ಲನ್ನು ತಿರುಪಿ ಬಿಚ್ಚಿರಿ. ತಟ್ಟನೆ ಮೌನವಾದರೆ ಕಳ್ಳನು ಸಿಕ್ಕನು. ಆಗಲೂ ನಿಲ್ಲದಿದ್ದರೆ ಸ್ಪೀಕರಿನ ಸ್ವಿಚ್ಚನ್ನು ಆರಿಸಿ, ಟೆಲಿವಿಷನ್ನಿನಿಂದ ಬಂದ ತಂತಿಯನ್ನು ಅದರಿಂದ ಪೂರ್ತಿ ಕಳಚಿ, ಮತ್ತೆ ಹಾಕಿ ನೋಡಬೇಕು. ತಂತಿಯಿಲ್ಲದೆಯೂ ಗುಂಯ್ ಎಂದರೆ ಮಾತ್ರ ದೋಷವು ಸ್ಪೀಕರಿನ ಒಳಗಿದೆ. ಆಗ ಅಂಗಡಿಯವನ ಮೇಲೆ ಕೋಪ ನ್ಯಾಯವೇ.

ಈ ಕುಣಿಕೆಯನ್ನು ಕಳೆಯಲು ಕೆಲವರು ಹಿಡಿಯುವ ಒಂದು ದಾರಿಯನ್ನು ಇಲ್ಲಿ ಹೇಳಲೇಬೇಕಾಗಿದೆ. ಅವರು ಸ್ಪೀಕರಿನ ಪ್ಲಗ್ಗಿನ ಮೂರನೆಯ ಮೊಳೆಯನ್ನು ಕಿತ್ತುಹಾಕುತ್ತಾರೆ, ಇಲ್ಲವೆ ಎರಡೇ ಮೊಳೆಯ ಅಡಾಪ್ಟರಿಗೆ ಸಿಕ್ಕಿಸುತ್ತಾರೆ. ಕುಣಿಕೆ ಕಡಿದುದರಿಂದ ಗುಂಯ್‌ಕಾರವು ಕೂಡಲೇ ನಿಲ್ಲುತ್ತದೆ. ಮನೆಯವರು ಭೇಷ್ ಎನ್ನುತ್ತಾರೆ. ಆದರೆ ಆ ಮೊಳೆಯನ್ನು ಉಳಿದೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಮಾಡಿರುವುದು ಅಂದಕ್ಕಲ್ಲ. ಪ್ಲಗ್ಗು ಹಾಕುವಾಗ ಅದು ಎಲ್ಲಕ್ಕಿಂತ ಮೊದಲು ಕೂಡಬೇಕು, ತೆಗೆಯುವಾಗ ಕಡೆಗೆ ಬಿಡಬೇಕು. ಒಳಗಿನ ತಂತಿಯ ಹೊದಿಕೆ ಸವೆದು ಪೆಟ್ಟಿಗೆಯ ಲೋಹಕ್ಕೆ ತಗುಲಿದರೆ, ವಿದ್ಯುತ್ತು ಆ ಮೊಳೆಯ ದಾರಿಯಾಗಿ ನೆಲಕ್ಕೆ ಹರಿದು ಫ್ಯೂಜನ್ನು ಸುಡುತ್ತದೆ. ಮೊಳೆಯಿಲ್ಲದಿದ್ದರೆ ಪೆಟ್ಟಿಗೆಯು ಸದ್ದಿಲ್ಲದೆ ೨೩೦ ವೋಲ್ಟನ್ನು ಹೊತ್ತು ಕಾದಿರುತ್ತದೆ. ಮುಂದಿನ ದಾರಿಯು ಅದನ್ನು ಮುಟ್ಟಿದವರ ದೇಹ. ನೆಲ ಒರೆಸುತ್ತ ಒದ್ದೆ ಕೈಯಿಂದ ಅದನ್ನು ಸರಿಸುವವರು ಯಾರು, ಬರಿಗಾಲಿನಲ್ಲಿ ಅದರ ಬಳಿ ಆಡುವವರು ಯಾರು ಎಂಬುದನ್ನು ಮನೆಯ ಯಜಮಾನರು ಒಂದು ಗಳಿಗೆ ನೆನೆಯಬೇಕು. ಸಂಗೀತದ ಸುಖಕ್ಕೆ ಇಷ್ಟು ಬೆಲೆ ಕೊಡಲಾಗದು. (ಎರಡೇ ಮೊಳೆಯೊಡನೆ ತಯಾರಾಗಿ ಬಂದ, ಒಂದರೊಳಗೊಂದು ಚೌಕದ ಗುರುತುಳ್ಳ ಯಂತ್ರಗಳ ಮಾತು ಬೇರೆ, ಅವುಗಳಿಗೆ ಇಮ್ಮಡಿ ಹೊದಿಕೆಯಿರುತ್ತದೆ.) ಹಳೆಯ ಮನೆಗಳಲ್ಲಿ ಅರ್ತಿನ ತಂತಿಯೇ ಇಲ್ಲದಿರುವುದೂ ಉಂಟು. ಲೋಹದ ಭಾಗ ಮುಟ್ಟಿದಾಗ ಜುಮ್ಮೆಂದರೆ ಮೊದಲು ಎಲೆಕ್ಟ್ರಿಷಿಯನ್ನನನ್ನು ಕರೆಸಿ ಅರ್ತನ್ನು ನೋಡಿಸತಕ್ಕದ್ದು. ೩೦ ಮಿಲಿ ಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಬ್ರೇಕರನ್ನೂ ಅದೇ ಕೈಯಲ್ಲಿ ಹಾಕಿಸಿಕೊಳ್ಳಬಹುದು.

ಕುಣಿಕೆಯನ್ನು ಅಪಾಯವಿಲ್ಲದೆ ಕಳೆಯುವ ಉಪಾಯಗಳಿವೆ. ಟೆಲಿವಿಷನ್ನು, ಪೆಟ್ಟಿಗೆ, ಸ್ಪೀಕರು ಮೂರನ್ನೂ ಒಂದೇ ಬೋರ್ಡಿಗೆ ಸಿಕ್ಕಿಸುವುದು ಮೊದಲನೆಯದು. ಎಷ್ಟೋ ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ. ಬೀದಿಯ ಕೇಬಲ್ಲೇ ಕಾರಣವೆಂದು ಕಂಡರೆ ಅದರ ನಡುವೆ ಕೂಡಿಸುವ ಚಿಕ್ಕ ಐಸೊಲೇಟರುಗಳು ಸಿಗುತ್ತವೆ. ಮಾಳಿಗೆಯ ಮೇಲೆ ಡಿಷ್ ಇರುವವರಿಗೆ ಇದು ಒದಗದು. ಡಿಷ್ಷಿನ ತಲೆಗೆ ಬೇಕಾದ ವಿದ್ಯುತ್ತೂ ಅದೇ ತಂತಿಯಲ್ಲಿ ಏರುವುದರಿಂದ ಐಸೊಲೇಟರು ಅದನ್ನು ತಡೆದು ಚಿತ್ರವನ್ನೇ ಅಳಿಸುತ್ತದೆ. ಅಂಥವರು ಸ್ಪೀಕರಿನ ತಂತಿಯ ನಡುವೆ ಧ್ವನಿಯ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಇಡಬೇಕು.

ಎಲ್ಲಕ್ಕಿಂತ ನಮಗೆ ಮೆಚ್ಚಾದುದು ಆಪ್ಟಿಕಲ್ ಕೇಬಲ್ಲು. ಜಪಾನಿನ ತೋಷಿಬಾ ಸಂಸ್ಥೆಯು ೧೯೮೩ರಲ್ಲಿ ಹೊರತಂದ ಈ ವಿಧಾನದಲ್ಲಿ ಧ್ವನಿಯು ಬೆಳಕಾಗಿ ಪ್ಲಾಸ್ಟಿಕ್ಕಿನ ಎಳೆಯೊಳಗೆ ಸಾಗುತ್ತದೆ. ಲೋಹವೇ ಇಲ್ಲದಲ್ಲಿ ಕುಣಿಕೆಯೆಲ್ಲಿ? ಟೆಲಿವಿಷನ್ನಿನಲ್ಲೂ ಸ್ಪೀಕರಿನಲ್ಲೂ ಅದಕ್ಕೆ ತಕ್ಕ ರಂಧ್ರವಿದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು. ಬ್ಲೂಟೂತಿನಲ್ಲಿಯೂ ಕುಣಿಕೆಯಿಲ್ಲ, ಆದರೆ ಮಾತು ತುಟಿಗಿಂತ ತುಸು ಹಿಂದೆ ಬೀಳುವುದುಂಟು. ಆಪ್ಟಿಕಲ್ ಜೋಡಿಸಿದ ಮೇಲೆ ಸದ್ದೇ ಬರದಿದ್ದರೆ ಟೆಲಿವಿಷನ್ನಿನ ಧ್ವನಿಯ ಪಟ್ಟಿಯಲ್ಲಿ ‘ಪಿ.ಸಿ.ಎಂ.’ ಎಂಬುದನ್ನು ಆರಿಸಿರಿ. ಕೇಬಲ್ಲನ್ನು ಚೂಪಾಗಿ ಮಡಿಸಬಾರದು. ಹೊಸತರ ಎರಡು ತುದಿಗಳಿಗೂ ಗಾಜಿನಂತೆ ಪಾರದರ್ಶಕವಾದ ಪುಟ್ಟ ಟೊಪ್ಪಿಗೆಗಳಿರುತ್ತವೆ. ಅವು ಕಣ್ಣಿಗೆ ಬೀಳದೆ, ತೆಗೆಯದೆಯೇ ತಿವಿದು ಕೇಬಲ್ಲನ್ನು ದೂರುವವರು ಬಹಳ ಮಂದಿ.