ಮೂವತ್ತು ಸೆಕೆಂಡಿನ ಅಳತೆಗೋಲು

ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣಗಳು ಎಂದು ಹೆಸರು. ಇವು ಒಂದೇ ಹದದಲ್ಲಿ ಮಿಡಿಯುವುದನ್ನು ಬಿಟ್ಟು ಅಡ್ಡಾದಿಡ್ಡಿ ಕಂಪಿಸತೊಡಗಿದರೆ ಅದು ಏಟ್ರಿಯಲ್ ಫಿಬ್ರಿಲೇಶನ್. ಆಸ್ಪತ್ರೆಗಳಲ್ಲಿ ಚಿಕ್ಕದಾಗಿ ‘ಎ.ಎಫ್.’ ಅನ್ನುತ್ತಾರೆ. ಕೆಲವರಿಗೆ ಎದೆ ಡವಗುಟ್ಟುತ್ತದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇನ್ನು ಕೆಲವರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗಲಿ ಬಿಡಲಿ, ಅಪಾಯ ಇದ್ದೇ ಇದೆ. ಸರಿಯಾಗಿ ಹಿಂಡದ ಹೃತ್ಕರ್ಣದಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ ಹೊಡೆಯಬಹುದು.

ಈ ಕಂಪನ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು 1998ರಲ್ಲಿ. ಫ್ರಾನ್ಸ್‌ನ ಬೋರ್ಡೊ ನಗರದ ಮಿಶೆಲ್ ಐಸಗೇರ್ ಮತ್ತು ಸಂಗಡಿಗರು 45 ರೋಗಿಗಳ ಹೃದಯದೊಳಗೆ ತಂತಿ ಇಳಿಸಿ ಹುಡುಕಿದರು. ಲಯ ಕೆಡಿಸುವ ಮಿಡಿತಗಳ ಮೂಲಗಳಲ್ಲಿ ಶೇ. 94ರಷ್ಟು ಇದ್ದದ್ದು ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ ರಕ್ತ ತರುವ ಅಭಿಧಮನಿಗಳ ಒಳಗೆ. ಹಾಗಾದರೆ ಆ ನಾಳಗಳ ಬಾಯಿಯ ಸುತ್ತ ಒಂದು ಉಂಗುರದಷ್ಟು ಅಂಗಾಂಶವನ್ನು ಸಾಯಿಸಿಬಿಟ್ಟರೆ ಒಳಗಿನ ವಿದ್ಯುತ್ ಸಂಕೇತ ಹೊರಗೆ ಬರಲಾರದು. ಇಂದಿನ ಅಬ್ಲೇಶನ್ ಚಿಕಿತ್ಸೆ ನಿಂತಿರುವುದು ಈ ಒಂದು ತಿಳಿವಳಿಕೆಯ ಮೇಲೆ.

ಸಾಯಿಸುವುದು ಹೇಗೆ? ಮೊದಲು ಬಂದದ್ದು ರೇಡಿಯೊ ತರಂಗದ ಬಿಸಿ. ಆಮೇಲೆ ನಾಳದ ಬಾಯಿಗೆ ಒತ್ತಿ ಹಿಡಿದು ಹೆಪ್ಪುಗಟ್ಟಿಸುವ ತಣ್ಣನೆಯ ಬಲೂನು. ಬಿಸಿಯಾಗಲಿ ತಂಪಾಗಲಿ, ಅದಕ್ಕೆ ಹೃದಯ ಯಾವುದು, ಪಕ್ಕದ ಅಂಗ ಯಾವುದು ಎಂಬ ಭೇದವಿಲ್ಲ. ಎಡ ಹೃತ್ಕರ್ಣದ ಬೆನ್ನಿಗೇ ಅನ್ನನಾಳ ಅಂಟಿಕೊಂಡಿದೆ, ವಪೆಯನ್ನು ಆಡಿಸುವ ನರವೂ ಹತ್ತಿರದಲ್ಲೇ ಹಾದುಹೋಗುತ್ತದೆ. ಹೊಸದಾಗಿ ಬಂದ ಮೂರನೆಯ ಬಗೆಯಲ್ಲಿ ಬಿಸಿಯೂ ಇಲ್ಲ, ತಂಪೂ ಇಲ್ಲ. ಮೈಕ್ರೊಸೆಕೆಂಡುಗಳ ಲೆಕ್ಕದ ವಿದ್ಯುತ್ ಮಿಡಿತಗಳನ್ನು ಹರಿಸಿ ಜೀವಕೋಶಗಳ ಪೊರೆಯಲ್ಲಿ ತೂತು ಕೊರೆಯುವುದು ಅದರ ಕ್ರಮ. ಹೃದಯದ ಸ್ನಾಯುಕೋಶಗಳು ಅನ್ನನಾಳ ಮತ್ತು ನರಗಳ ಕೋಶಗಳಿಗಿಂತ ಕಡಿಮೆ ಬಲದ ವಿದ್ಯುತ್ ಕ್ಷೇತ್ರಕ್ಕೇ ಸಾಯುತ್ತವೆ. ಈ ಬಗೆಗೆ ಪಲ್ಸ್ಡ್ ಫೀಲ್ಡ್ ಅಬ್ಲೇಶನ್ ಎಂದು ಹೆಸರು.

ಇದರಲ್ಲಿ ಹೆಸರಾದ ಸಾಧನ ಫಾರಾಪಲ್ಸ್. ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಮೇಲೇರಿಸಿ, ಹೃತ್ಕರ್ಣಗಳ ನಡುವಿನ ತೆಳುಗೋಡೆಯನ್ನು ಸೂಜಿಯಿಂದ ದಾಟಿ, ಎಡಗೋಣೆಗೆ ತರುತ್ತಾರೆ. ಅಲ್ಲಿ ಅದರ ತುದಿಯ ಐದು ಕಡ್ಡಿಗಳು ಬಿಚ್ಚಿಕೊಳ್ಳುತ್ತವೆ. ಒಂದೊಂದು ಕಡ್ಡಿಯಲ್ಲಿ ನಾಲ್ಕು ಎಲೆಕ್ಟ್ರೋಡುಗಳಿವೆ. ಅರ್ಧ ಬಿಚ್ಚಿದಾಗ ಬುಟ್ಟಿಯ ಆಕಾರ, ಪೂರ್ತಿ ಬಿಚ್ಚಿದಾಗ ಹೂವಿನ ಆಕಾರ. ಬುಟ್ಟಿಯಾಗಿದ್ದಾಗ ನಾಲ್ಕು ಸಲ, ಹೂವಾದಾಗ ನಾಲ್ಕು ಸಲ, ನಡುನಡುವೆ ಕೊಂಚ ತಿರುಗಿಸುತ್ತ, 2 ಕಿಲೋವೋಲ್ಟ್ ಆಸುಪಾಸಿನ ಮಿಡಿತಗಳನ್ನು ಒಂದೊಂದು ನಾಳಕ್ಕೂ ಕೊಡುತ್ತಾರೆ. ಕೆಲವೇ ನಿಮಿಷಗಳಲ್ಲಿ ನಾಳದೊಳಗಿನ ಸಂಕೇತ ಪರದೆಯ ಮೇಲೆ ಸಪಾಟಾಗುತ್ತದೆ.

ಪರದೆಯಲ್ಲಿ ಗೆರೆ ಸಪಾಟಾದರೆ ಸಾಧನ ಕೆಲಸ ಮಾಡಿತು ಎಂದರ್ಥ. ರೋಗಿಗೆ ಗುಣವಾಯಿತೇ ಎಂಬುದು ಬೇರೆಯೇ ಪ್ರಶ್ನೆ. ಪರೀಕ್ಷೆಯ ನಿಜವಾದ ಕಷ್ಟ ಇರುವುದು ಇಲ್ಲೇ.

ಅಮೆರಿಕದ 30 ಕೇಂದ್ರಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಅಡ್ವೆಂಟ್’ ಪ್ರಯೋಗವನ್ನು ನೋಡಿ. ಬಂದುಹೋಗುವ ಬಗೆಯ ಎ.ಎಫ್. ಇದ್ದು, ಮಾತ್ರೆಗೆ ಬಗ್ಗದ 607 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 305 ಜನರಿಗೆ ಹೊಸ ಸಾಧನ, 302 ಜನರಿಗೆ ಬಿಸಿ ಅಥವಾ ತಂಪಿನ ಹಳೆಯ ಚಿಕಿತ್ಸೆ. ಹೊಸದು ಹಳೆಯದಕ್ಕಿಂತ ಮೇಲೇ ಎಂದು ಪ್ರಯೋಗ ಮೊದಲು ಕೇಳಲಿಲ್ಲ. ಹಳೆಯದಕ್ಕಿಂತ ಕಳಪೆಯಲ್ಲ ತಾನೇ ಎಂದಷ್ಟೇ ಕೇಳಿತು. ಚಿಕಿತ್ಸೆಯ ನಂತರದ ಮೊದಲ ಮೂರು ತಿಂಗಳಲ್ಲಿ ಲಯ ತಪ್ಪಿದರೂ ಅದನ್ನು ಸೋಲೆಂದು ಬರೆದುಕೊಳ್ಳಲಿಲ್ಲ. ಗಾಯ ಮಾಗುವ ಕಾಲದಲ್ಲಿ ಹೃದಯ ಕೆರಳುವುದು ಸಹಜ ಎಂಬುದು ಇದಕ್ಕೆ ಕೊಡುವ ಕಾರಣ. ಆ ಅವಧಿ ಕಳೆದ ಮೇಲೆ, ವರ್ಷ ತುಂಬುವವರೆಗೆ, ಲಯ ಮತ್ತೆ ತಪ್ಪಬಾರದು, ಲಯದ ಮಾತ್ರೆ ಬೇಕಾಗಬಾರದು, ಶಾಕ್ ಕೊಡಬೇಕಾಗಬಾರದು, ಇನ್ನೊಮ್ಮೆ ಅಬ್ಲೇಶನ್ ಆಗಬಾರದು. ಇಷ್ಟನ್ನೂ ದಾಟಿದವರು ಹೊಸ ಗುಂಪಿನಲ್ಲಿ ಶೇ. 73.3, ಹಳೆಯ ಗುಂಪಿನಲ್ಲಿ ಶೇ. 71.3. ಕಳಪೆಯಲ್ಲ ಎಂಬುದು ಸಾಬೀತಾಯಿತು, 2024ರ ಜನವರಿಯಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು.

ಶೇ. 73 ಎಂದರೆ ನಾಲ್ವರಲ್ಲಿ ಒಬ್ಬರಿಗೆ ಪ್ರಯೋಜನವಾಗಲಿಲ್ಲ ಎಂದು ಓದುಗರು ತಿಳಿದರೆ ತಪ್ಪು ಅವರದಲ್ಲ. ಆದರೆ ಈ ಕ್ಷೇತ್ರದ ವಾಡಿಕೆಯ ಅಳತೆಗೋಲು ತೀರ ವಿಚಿತ್ರವಾದದ್ದು. ಇಸಿಜಿಯಲ್ಲಿ 30 ಸೆಕೆಂಡು ಲಯ ತಪ್ಪಿದ್ದು ಕಂಡರೆ ಸಾಕು, ಆ ರೋಗಿ ಸೋತವರ ಪಟ್ಟಿಗೆ ಸೇರುತ್ತಾರೆ. ವಾರದಲ್ಲಿ ಮೂರು ದಿನ ಒದ್ದಾಡುತ್ತಿದ್ದವರು ವರ್ಷಕ್ಕೊಮ್ಮೆ ಅರ್ಧ ನಿಮಿಷ ಒದ್ದಾಡಿದರೂ ಅದು ಸೋಲೇ. ಇನ್ನೊಂದು ಕಡೆಯಿಂದ ಇದೇ ಕೋಲು ಸಡಿಲ. ಯಂತ್ರ ಕಟ್ಟಿಕೊಂಡಿಲ್ಲದ ದಿನ ಲಯ ತಪ್ಪಿದರೆ ಅದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಕೆನಡಾದ ‘ಸರ್ಕಾ-ಡೋಸ್’ ಪ್ರಯೋಗ (2019) ಇದನ್ನು ಚೆನ್ನಾಗಿ ಬಯಲು ಮಾಡಿತು. 346 ರೋಗಿಗಳ ಎದೆಯ ಚರ್ಮದಡಿಯಲ್ಲಿ ಹಗಲಿರುಳೂ ಲಯ ದಾಖಲಿಸುವ ಪುಟ್ಟ ಯಂತ್ರ ಇಟ್ಟು ನೋಡಿದರು. ಅರ್ಧ ನಿಮಿಷದ ಲೆಕ್ಕದಲ್ಲಿ ಗೆದ್ದವರು ಹೆಚ್ಚುಕಡಿಮೆ ಅರ್ಧದಷ್ಟು ಜನ ಮಾತ್ರ. ಅದೇ ರೋಗಿಗಳು ಎ.ಎಫ್.ನಲ್ಲಿ ಕಳೆದ ಒಟ್ಟು ಸಮಯವನ್ನು ಲೆಕ್ಕ ಹಾಕಿದರೆ ಇಳಿಕೆ ಶೇ. 98ಕ್ಕೂ ಮಿಕ್ಕಿತ್ತು. ಎರಡೂ ನಿಜ. ಆದರೆ ಕಾಯಿಲೆಯವರಿಗೆ ಬೇಕಾದ ಸಂಖ್ಯೆ ಎರಡನೆಯದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಜಾಹೀರಾತಿನಲ್ಲಾಗಲಿ ಸುದ್ದಿಯಲ್ಲಾಗಲಿ ‘ಯಶಸ್ಸಿನ ಪ್ರಮಾಣ’ ಎಂದು ಕಂಡಾಗ ಯಾವ ಕೋಲಿನಲ್ಲಿ ಅಳೆದದ್ದು, ಎಷ್ಟು ದಿನ ಕಾದು ನೋಡಿದ್ದು ಎಂದು ಕೇಳದಿದ್ದರೆ ಆ ಸಂಖ್ಯೆಗೆ ಅರ್ಥವೇ ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ 210 ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗವೂ ಇಂಥ ಒಳಯಂತ್ರವನ್ನೇ ಬಳಸಿತು. ಅಲ್ಲಿ ಮೂರು ತಿಂಗಳ ನಂತರ ಮತ್ತೆ ಲಯ ತಪ್ಪಿದವರು ಹೊಸ ಬಗೆಯಲ್ಲಿ ಶೇ. 37.1, ತಣ್ಣನೆಯ ಬಲೂನಿನಲ್ಲಿ ಶೇ. 50.7. ಕಣ್ಣು ಬಿಡದೆ ಕಾಯುವ ಯಂತ್ರ ಬಂದಾಗ ಎರಡರ ಅಂತರವೂ ಕಾಣತೊಡಗಿತು.

ಇನ್ನೊಂದು ಅನುಮಾನ ಬಹಳ ವರ್ಷ ಉತ್ತರವಿಲ್ಲದೆ ಉಳಿದಿತ್ತು. ದೊಡ್ಡ ಆಸ್ಪತ್ರೆ, ದೊಡ್ಡ ಯಂತ್ರ, ಹೃದಯಕ್ಕೇ ಕೈಹಾಕಿದ ವೈದ್ಯರು. ಇಷ್ಟಾದ ಮೇಲೆ ರೋಗಿಗೆ ಹಗುರ ಎನಿಸುವುದು ನಂಬಿಕೆಯ ಬಲದಿಂದಲೂ ಇರಬಹುದಲ್ಲ? ಬ್ರಿಟನ್ನಿನ ‘ಶ್ಯಾಮ್-ಪಿವಿಐ’ ಪ್ರಯೋಗ ಈ ಪ್ರಶ್ನೆಗೆ ನೇರವಾಗಿ ಎದುರಾಯಿತು. 126 ರೋಗಿಗಳಲ್ಲಿ ಅರ್ಧ ಜನರಿಗೆ ತಣ್ಣನೆಯ ಬಲೂನಿನ ಚಿಕಿತ್ಸೆ ಕೊಟ್ಟರು. ಉಳಿದವರಿಗೆ ಚಿಕಿತ್ಸೆಯ ಬದಲು ವಪೆಯ ನರಕ್ಕೆ ವಿದ್ಯುತ್ ಮಿಡಿತ ಕೊಟ್ಟು ಕಳಿಸಿದರು. ಯಾರಿಗೆ ಯಾವುದಾಯಿತೆಂದು ರೋಗಿಗಳಿಗೆ ತಿಳಿಸಲಿಲ್ಲ. ಕೇಳಿದಾಗ ಕ್ರೂರ ಅನ್ನಿಸುತ್ತದೆ. ಆದರೆ ಎಲ್ಲರೂ ವಿಷಯ ತಿಳಿದೇ ಒಪ್ಪಿ ಬಂದವರು, ಅವರ ಒಪ್ಪಿಗೆಗೆ ನಾವು ಋಣಿಗಳಾಗಿರಬೇಕು. ಆರು ತಿಂಗಳಲ್ಲಿ ಎ.ಎಫ್. ಹೊರೆ, ಎಂದರೆ ಎ.ಎಫ್.ನಲ್ಲಿ ಕಳೆದ ಸಮಯದ ಪಾಲು, ಚಿಕಿತ್ಸೆಯಾದವರಲ್ಲಿ ಶೇ. 60ರಷ್ಟು ಇಳಿಯಿತು, ತೋರಿಕೆಯ ಗುಂಪಿನಲ್ಲಿ ಶೇ. 35ರಷ್ಟು. ಬದುಕಿನ ಗುಣಮಟ್ಟದಲ್ಲೂ ಎರಡು ಗುಂಪುಗಳ ನಡುವೆ ಎದ್ದುಕಾಣುವ ವ್ಯತ್ಯಾಸವಿತ್ತು. ಅಬ್ಲೇಶನ್‌ನ ಫಲ ಬರೀ ನಂಬಿಕೆಯದಲ್ಲ ಎಂಬುದಕ್ಕೆ 2024ರಲ್ಲಿ ಸಿಕ್ಕ ಈ ಸಾಕ್ಷ್ಯ ಬಹಳ ಗಟ್ಟಿಯಾದದ್ದು.

ಗುಣದ ಮಾತಾಯಿತು, ಇನ್ನು ಕೇಡಿನದು. ಬಿಸಿ-ತಂಪಿನ ಚಿಕಿತ್ಸೆಯಲ್ಲಿ ಎಲ್ಲರೂ ಅಂಜುವುದು ಹೃತ್ಕರ್ಣಕ್ಕೂ ಅನ್ನನಾಳಕ್ಕೂ ನಡುವೆ ತೂತು ಬೀಳುವುದಕ್ಕೆ. ಸುಮಾರು 5.5 ಲಕ್ಷ ಚಿಕಿತ್ಸೆಗಳ ದಾಖಲೆ ಜಾಲಾಡಿದ ಅಧ್ಯಯನವೊಂದಕ್ಕೆ ಸಿಕ್ಕಿದ್ದು ಇಂಥ 138 ಪ್ರಕರಣಗಳು, ಎಂದರೆ ನಾಲ್ಕು ಸಾವಿರಕ್ಕೆ ಒಂದು. ಅಪರೂಪವೇ, ಆದರೆ ಹಾಗಾದವರಲ್ಲಿ ಸುಮಾರು ಮೂರನೇ ಎರಡರಷ್ಟು ಜನ ತೀರಿಕೊಂಡಿದ್ದರು. ಈಗ ಅಡ್ವೆಂಟ್‌ನ 305 ಜನರತ್ತ ತಿರುಗಿ. ಅವರಲ್ಲಿ ಒಬ್ಬರಿಗೂ ಬಾರದ ತೊಂದರೆ, ಲೆಕ್ಕಶಾಸ್ತ್ರದ ಪ್ರಕಾರ, ಹೊರಗೆ ನೂರರಲ್ಲಿ ಒಬ್ಬರಿಗೆ ಬರುವಂಥದ್ದೂ ಆಗಿರಬಹುದು. ನಾಲ್ಕು ಸಾವಿರಕ್ಕೊಂದು ಬರುವ ಕೇಡನ್ನು ಮುನ್ನೂರು ಜನರಲ್ಲಿ ಹುಡುಕುವುದು ಆಗದ ಮಾತು. ಆದ್ದರಿಂದ ಒಪ್ಪಿಗೆ ಸಿಕ್ಕ ದಿನ ಪರೀಕ್ಷೆ ಮುಗಿಯುವುದಿಲ್ಲ.

ಫಾರಾಪಲ್ಸ್ ಬಳಸಿದ 106 ಕೇಂದ್ರಗಳ 17,642 ರೋಗಿಗಳ ವಿವರ 2024ರಲ್ಲಿ ಹೊರಬಂತು. ಅನ್ನನಾಳಕ್ಕೆ ಪೆಟ್ಟಾದ ಒಂದು ಪ್ರಕರಣವೂ ಇರಲಿಲ್ಲ. ವಪೆಯ ನರ ಶಾಶ್ವತವಾಗಿ ಕೆಟ್ಟವರೂ ಇರಲಿಲ್ಲ. ಇದು ನಿಜಕ್ಕೂ ಸಂತೋಷದ ಸುದ್ದಿ. ಅದೇ ಪಟ್ಟಿಯಲ್ಲಿ ಹಿಂದೆ ಯಾರೂ ಅಷ್ಟಾಗಿ ಎದುರುನೋಡದ ತೊಂದರೆಗಳೂ ಕಂಡವು. 25 ಜನರಿಗೆ ಹೃದಯದ ರಕ್ತನಾಳ ಸೆಡೆತುಕೊಂಡಿತ್ತು. ಐವರಲ್ಲಿ ಕೆಂಪು ರಕ್ತಕಣಗಳು ಒಡೆದು ಮೂತ್ರಪಿಂಡ ಕೈಕೊಟ್ಟು ಡಯಾಲಿಸಿಸ್ ಬೇಕಾಯಿತು. ಈ ವಿವರಗಳನ್ನು ಕೊಟ್ಟವರು ಆಯಾ ಕೇಂದ್ರದವರೇ ಎಂಬುದು ನೆನಪಿರಲಿ. ಒಂದು ಸಾಧನ ಗಳಿಸಿದ ಹೆಸರು ಅದೇ ತತ್ವದ ಇನ್ನೊಂದಕ್ಕೆ ತಾನಾಗಿ ಸಲ್ಲುವುದೂ ಇಲ್ಲ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ವ್ಯಾರಿಪಲ್ಸ್ ಇದೇ ಬಗೆಯದು. ಬಳಸಿದ ಕೆಲವರಿಗೆ ಲಕ್ವ ಹೊಡೆದ ವರದಿ ಬಂದಾಗ, 2025ರ ಜನವರಿಯಲ್ಲಿ, ಕಂಪನಿ ಅಮೆರಿಕದಲ್ಲಿ ಅದರ ಬಳಕೆಯನ್ನು ತಡೆಹಿಡಿದು ಪರಿಶೀಲಿಸಿತು, ಮುಂದಿನ ತಿಂಗಳು ಮತ್ತೆ ಶುರುಮಾಡಿತು.

ನಮ್ಮ ಕಡೆಯ ಓದುಗರಿಗೆ ಇನ್ನೂ ಒಂದು ಮಾತು ಹೇಳಬೇಕು. ಭಾರತದಲ್ಲಿ ಎ.ಎಫ್. ಇರುವವರ ದೊಡ್ಡ ಪಾಲು ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರು. ಪಶ್ಚಿಮದ ರೋಗಿಗಳಿಗಿಂತ ಇವರು ಚಿಕ್ಕ ವಯಸ್ಸಿನವರು, ಹೆಚ್ಚಿನವರು ಬಡವರು. ಕವಾಟ ತೀರ ಕಿರಿದಾದ ಇಂಥವರನ್ನು ಅಬ್ಲೇಶನ್ ಸಾಧನಗಳ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ. ಅವರ ಹೃತ್ಕರ್ಣ ಹಿಗ್ಗಿರುತ್ತದೆ, ಗೋಡೆಯಲ್ಲಿ ಹಳೆಯ ಗಾಯದ ನಾರು ತುಂಬಿರುತ್ತದೆ. ಲಯ ಕೆಡಿಸುವ ಮೂಲ ಶ್ವಾಸಕೋಶದ ಅಭಿಧಮನಿಗಳಲ್ಲೇ ಇರಬೇಕೆಂದೂ ಇಲ್ಲ. ಶೇ. 73ರ ಆ ಲೆಕ್ಕದಲ್ಲಿ ಅವರು ಇಲ್ಲ. ಅವರಿಗಾಗಿಯೇ ಬೇರೆ ಪ್ರಯೋಗ ನಡೆಯಬೇಕು, ಮತ್ತು ಅಂಥ ರೋಗಿಗಳು ಸಾವಿರಗಟ್ಟಲೆ ಬರುವ ನಮ್ಮ ದೇಶದ ಸರ್ಕಾರಿ ಹೃದ್ರೋಗ ಆಸ್ಪತ್ರೆಗಳಲ್ಲೇ ನಡೆಯಬೇಕು.